ಗೋಡೆಯ ಪಾಚಿ ಮತ್ತು ಪಾರ್ವತಮ್ಮನವರ ಚಕ್ಕುಲಿ ಒರಳು

ಕದಿಯುವುದು ಸುಲಭ. ಅರ್ಧ ನಿಮಿಷದ ಕೆಲಸ. ಕದ್ದದ್ದನ್ನು ವಾಪಸ್ಸು ಕೊಡುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ನನ್ನಂಥ ಧೈರ್ಯಸ್ಥನಿಗೇ ನಾಲ್ಕು ವರ್ಷ ಹಿಡಿಯಿತು. ಅದೂ ಮೋಶೆಯ ಧರ್ಮಶಾಸ್ತ್ರ ನಮ್ಮ ಮಹಡಿಯಿಂದ ಇಳಿದು ಬಂದು ಕುತ್ತಿಗೆ ಹಿಡಿದು ದಬ್ಬಿದ ಮೇಲೆ. ಬಸವಣ್ಣನ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಮೋಶೆಗೇನು ಕೆಲಸ ಎಂದು ನೀವು ಕೇಳಬಹುದು. ಹೇಳುವುದಕ್ಕೇ ಕೂತಿದ್ದೇನೆ. ಆದರೆ ಒಂದು ಮಾತು ಮೊದಲೇ ಸ್ಪಷ್ಟವಾಗಲಿ: ನಾನು ಕಳ್ಳನಲ್ಲ, ಕೀಟಲೆಗಾರ. ಎಪ್ಪತ್ತನಾಲ್ಕು ಮುಗಿದರೂ ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ಹುಟ್ಟಿದ ಒಬ್ಬಿಬ್ಬರು ನನ್ನ ಕಾಟ ತಾಳಲಾರದೆ ಕೆಂಗೇರಿ ಕಡೆ ಮನೆ ಮಾಡಿಕೊಂಡು ಹೋದರು. ಪಾರ್ಕಿನಲ್ಲಿ ಎಂಟು ಜನ ಹಿರಿಯರು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದಾಗ ಅವರ ಚಪ್ಪಲಿಗಳನ್ನೆಲ್ಲ ಅದಲುಬದಲು ಮಾಡಿ, ಒಂದು ಕಾಲಿಗೆ ಕಪ್ಪು ಒಂದು ಕಾಲಿಗೆ ಕಂದು ಮೆಟ್ಟಿಸಿ ಮನೆಗೆ ಕಳಿಸಿದವನು ನಾನೇ. ಅವರಲ್ಲಿ ಇಬ್ಬರು ಇವತ್ತಿಗೂ ಹಾಗೇ ಓಡಾಡುತ್ತಿದ್ದಾರೆ.

ಇಂಥ ಕೈಗೆ ಸಿಕ್ಕಿದ್ದು ಪಕ್ಕದ ಮನೆಯ ಪಾರ್ವತಮ್ಮನವರ ಚಕ್ಕುಲಿ ಒರಳು. ಹಿತ್ತಾಳೆಯದು. ಎತ್ತುವ ಮುಂಚೆ ಮೊಣಕೈಯ ಅಪ್ಪಣೆ ಕೇಳಬೇಕು, ಅಷ್ಟು ಭಾರ. ಪಾರ್ವತಮ್ಮನವರ ಅತ್ತೆ ದಾವಣಗೆರೆಯಿಂದ ತಂದದ್ದಂತೆ. ಆ ಅತ್ತೆಗೆ ಇಬ್ಬರು ಸೊಸೆಯಂದಿರು. ಹಿರಿಯವರು ಪಾರ್ವತಮ್ಮ, ಕಿರಿಯವರು ವಿಜಯನಗರದಲ್ಲಿರುವ ಶಕುಂತಲಾ. ಒರಳು ಯಾರಿಗೆ ಎಂದು ಹೇಳದೆಯೇ ಅತ್ತೆ ಶಿವನ ಪಾದ ಸೇರಿಕೊಂಡರು. ಒರಳು ಹಿರಿಯ ಸೊಸೆಯ ಮನೆಯಲ್ಲಿತ್ತು, ಆದ್ದರಿಂದ ಅಲ್ಲೇ ಉಳಿಯಿತು. ಪಾರ್ವತಮ್ಮನವರ ಗಂಡ ಚನ್ನಬಸಪ್ಪ, ಬ್ಯಾಂಕಿನಿಂದ ನಿವೃತ್ತರಾದವರು, ಆ ಒರಳಿನ ವಿಷಯ ಬಂದರೆ ಸಾಕು ಎದೆ ಉಬ್ಬಿಸುತ್ತಿದ್ದರು. "ಮಲ್ಲಪ್ಪ, ರಾಜಾಜಿನಗರದಿಂದ ನಾಗರಭಾವಿವರೆಗೂ ಹುಡುಕಿ, ಇಂಥದ್ದೊಂದು ತೋರಿಸಿ ನೋಡೋಣ" ಎಂದು ಸವಾಲು ಹಾಕುತ್ತಿದ್ದರು. ಒಬ್ಬ ಮನುಷ್ಯ ಇಷ್ಟು ಸಲ ಸವಾಲು ಹಾಕಿದರೆ ಇನ್ನೊಬ್ಬ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ.

ನಾಲ್ಕು ವರ್ಷದ ಹಿಂದೆ ಗೌರಿಹಬ್ಬಕ್ಕೆ ಮೂರು ದಿನ ಇದೆ ಎನ್ನುವಾಗ, ಅವರ ಹಿತ್ತಿಲ ಕಡೆಯ ಅಡುಗೆಮನೆ ಕಿಟಕಿಯ ಪಕ್ಕ, ತೊಳೆದ ಒರಳನ್ನು ಒಣಗಲು ಇಟ್ಟಿದ್ದರು. ಅದರ ಎರಡು ಕಿವಿಗಳು ನನ್ನನ್ನೇ ಕರೆಯುತ್ತಿದ್ದವು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಸೊಂಟದೆತ್ತರದ ಕಾಂಪೌಂಡು. ನನ್ನ ಕೊಡೆಯ ಬಾಗಿದ ಹಿಡಿಯನ್ನು ಕಿಟಕಿಯ ಸರಳಿನೊಳಗೆ ತೂರಿಸಿ, ಒರಳಿನ ಕಿವಿಗೆ ಸಿಕ್ಕಿಸಿ, ನಿಧಾನಕ್ಕೆ ಎಳೆದು, ಓರೆ ಮಾಡಿ ಹೊರಗೆ ತೆಗೆದುಕೊಂಡೆ. ಒಂದು ಸದ್ದಿಲ್ಲ. ಸಂಜೆವರೆಗೂ ಚನ್ನಬಸಪ್ಪ ಹುಡುಕಾಡಲಿ, ಆಮೇಲೆ ತಟ್ಟೆಯಲ್ಲಿಟ್ಟು, ಹೂವು ಮುಡಿಸಿ, ಕುಂಕುಮ ಹಚ್ಚಿ ವಾಪಸ್ಸು ಕೊಟ್ಟು ನಗೋಣ ಎಂದುಕೊಂಡಿದ್ದೆ. ಆದರೆ ನಾನು ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಅವತ್ತು ಬೆಳಿಗ್ಗೆ ಶಕುಂತಲಾ ಬಾಗಿನ ಕೊಡುವುದಕ್ಕೆಂದು ಬಂದು ಹೋಗಿದ್ದರಂತೆ. ಪಾರ್ವತಮ್ಮ ಫೋನು ಎತ್ತಿ, "ಬೇಕಿದ್ರೆ ಬಾಯಿ ಬಿಟ್ಟು ಕೇಳಬಾರದಾಗಿತ್ತೇನೇ?" ಎಂದರಂತೆ. ಆ ಕಡೆಯಿಂದ ಬಂದ ಉತ್ತರ ನಮ್ಮ ಮನೆಗೂ ಕೇಳಿಸಿತು. ಅಲ್ಲಿಂದ ಓರಗಿತ್ತಿಯರಿಬ್ಬರ ಮಾತು ನಿಂತಿತು. ಈಗ ತಟ್ಟೆ, ಹೂವು, ಕುಂಕುಮ ಹಿಡಿದುಕೊಂಡು ಹೋದರೆ ನಗುವವರು ಯಾರು? ನಾಳೆ ಕೊಡೋಣ ಎಂದುಕೊಂಡೆ. ಒರಳನ್ನು ನನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿ ನಡುಮನೆಯ ಅಟ್ಟದ ಮೇಲೆ, ಹರಿದ ಹಾಸಿಗೆಗಳ ಹಿಂದೆ ತಳ್ಳಿದೆ. ಆ ನಾಳೆಗೆ ನಾಲ್ಕು ವರ್ಷವಾಯಿತು. ಅಲ್ಲಿಂದೀಚೆಗೆ ಪ್ರತಿ ಹಬ್ಬಕ್ಕೂ ಪಾರ್ವತಮ್ಮ ನಮ್ಮ ಮನೆಯ ಅಲ್ಯೂಮಿನಿಯಂ ಒರಳನ್ನು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು, ಚಕ್ಕುಲಿ ಮಾಡಿ ನಮಗೂ ಕೊಡುತ್ತಿದ್ದರು. ನಾನು ಕಡಿಯುತ್ತಾ, "ಏನೇ ಹೇಳಿ, ಹಿತ್ತಾಳೆ ಒರಳಿನ ಗರಿ ಇದಕ್ಕೆ ಬರಲ್ಲ" ಎನ್ನುತ್ತಿದ್ದೆ. ನಾಚಿಕೆ ಎಂಬುದು ಹಲ್ಲಿನ ಹಾಗೆ. ವಯಸ್ಸಾದಂತೆ ಒಂದೊಂದೇ ಉದುರಿ ಹೋಗುತ್ತದೆ.

ಇನ್ನು ಮೋಶೆಯ ಕಡೆಯವರು. ನಮ್ಮ ಮಹಡಿಯ ಮೇಲೆ ಹದಿನಾರು ವರ್ಷದಿಂದ ಬಾಡಿಗೆಗಿರುವವರು ಐಸಾಕ್ ಪೇಣಕರ್. ಯೆಹೂದಿಗಳು. ಕೊಂಕಣದ ಕಡೆಯ ಮರಾಠಿ ಮನೆಮಾತಿನವರು. ಅವರ ಪೂರ್ವಿಕರು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರಂತೆ, ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲವಂತೆ. ಅದಕ್ಕೆ ಊರವರು ಅವರನ್ನು 'ಶನಿವಾರದ ಎಣ್ಣೆಯವರು' ಎಂದೇ ಕರೆಯುತ್ತಿದ್ದರಂತೆ. ಇದನ್ನು ಕೇಳಿದ ದಿನವೇ ನಾನು ಹೇಳಿದೆ: "ನಾವೂ ಅದೇ ಜಾತಿ ಕಣ್ರೀ. ನಮ್ಮ ತಾತ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡ್ತಿರಲಿಲ್ಲ." ಅದಕ್ಕೆ ಅವರು, "ನಮ್ಮಲ್ಲಿ ಎತ್ತಿಗೂ ರಜೆ, ಆಳಿಗೂ ರಜೆ. ನಿಮ್ಮ ತಾತ ಆಳಿಗೆ ಕೊಡ್ತಿದ್ರಾ?" ಎಂದರು. ಹೀಗೆ ಮೊದಲ ದಿನವೇ ನನ್ನ ಬಾಯಿ ಮುಚ್ಚಿಸಿದ ಮನುಷ್ಯನನ್ನು ಬಿಡುವುದುಂಟೇ? ಇದು ಅವರು ನಮ್ಮ ಮಹಡಿಗೆ ಬರುವ ಎಷ್ಟೋ ವರ್ಷ ಮೊದಲು, ಇಬ್ಬರೂ ಒಂದೇ ಫ್ಯಾಕ್ಟರಿಯಲ್ಲಿದ್ದಾಗಿನ ಮಾತು. ಅವರ ಶನಿವಾರದ ಪಾಳಿ ನಾನು ಮಾಡುತ್ತಿದ್ದೆ, ನನ್ನ ಭಾನುವಾರದ್ದು ಅವರು. ನಮ್ಮ ರಸ್ತೆಯ ತುಂಬ ಮಲ್ಲಪ್ಪ, ಚನ್ನಬಸಪ್ಪ, ಎಲ್ಲ ಅಪ್ಪಗಳೇ ಆದ್ದರಿಂದ ಅವರನ್ನೂ ಐಸಾಕಪ್ಪ ಮಾಡಿಬಿಟ್ಟಿದ್ದೇನೆ. ಗ್ಯಾಸ್ ತರುವವರೂ ಹಾಗೇ ಕರೆಯುತ್ತಾರೆ.

ಮೋಶೆ ಎಂಬ ಅವರ ಪ್ರವಾದಿ ಕೊಟ್ಟ ಶಾಸ್ತ್ರಗ್ರಂಥಕ್ಕೆ ತೋರಾ ಎಂದು ಹೆಸರು. ಅದನ್ನು ವರ್ಷಕ್ಕೆ ಸರಿಯಾಗಿ ವಾರವಾರದ ಪಾಲು ಮಾಡಿಟ್ಟಿದ್ದಾರೆ. ಈ ಶನಿವಾರ ಐಸಾಕಪ್ಪ ಬಸವೇಶ್ವರನಗರದಲ್ಲಿ ಓದುವ ಪಾಲನ್ನೇ ಪ್ರಪಂಚದ ಬೇರೆ ಕಡೆಗಳಲ್ಲೂ ಓದುತ್ತಿರುತ್ತಾರಂತೆ. ಪೂರ್ತಿ ಕ್ರಮದಲ್ಲಿ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕು, ಇಲ್ಲಿ ಸಿಗುವುದಿಲ್ಲ ಎಂದು ಒಮ್ಮೆ ಬೇಜಾರು ಮಾಡಿಕೊಂಡರು. "ಪಾರ್ಕಿನಿಂದ ಒಂಬತ್ತು ಜನನ್ನ ನಾನು ತರ್ತೀನಿ, ಚಪ್ಪಲಿ ಮಾತ್ರ ನೋಡಬೇಡಿ" ಎಂದೆ. ಒಪ್ಪಲಿಲ್ಲ. ಆದರೆ ಅವರ ಹೆಂಡತಿ ತೀರಿಕೊಂಡ ಮೇಲೆ, ಶನಿವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಅವರು ಓದುವುದು, ನಾನು ಎದುರು ಕೂತು ತಕರಾರು ತೆಗೆಯುವುದು ರೂಢಿಯಾಯಿತು. "ಓದೋಕೆ ಒಬ್ಬ ಸಾಕು ಮಲ್ಲಪ್ಪ, ಅರ್ಥ ಮಾಡ್ಕೊಳೋಕೆ ಜಗಳ ಆಡೋರು ಇನ್ನೊಬ್ಬರು ಬೇಕು" ಎನ್ನುತ್ತಾರೆ. ಆ ಕೆಲಸಕ್ಕೆ ನನಗಿಂತ ಯೋಗ್ಯರು ಇದ್ದಾರೆಯೇ?

ಓದಿ ಸುಮ್ಮನಾದರೆ ಸರಿ. ಆದರೆ ಐಸಾಕಪ್ಪನವರಿಗೆ ಪ್ರತಿ ಪಾಲನ್ನೂ ನಮ್ಮ ರಸ್ತೆಗೆ ಅನ್ವಯಿಸುವ ಚಟ. ವೈರಿಯ ಕತ್ತೆ ಭಾರಕ್ಕೆ ಕುಸಿದಿದ್ದರೆ ನೋಡಿಯೂ ನೋಡದ ಹಾಗೆ ಹೋಗಬೇಡ, ಎತ್ತಿ ನಿಲ್ಲಿಸು ಎಂದಿತ್ತು ಒಂದು ವಾರ. "ನಮ್ಮ ರಸ್ತೇಲಿ ಕತ್ತೆ ಎಲ್ಲಿದೆ?" ಎಂದೆ. ಸರಿಯಾಗಿ ಅದೇ ಹೊತ್ತಿಗೆ ಕೆಳಗೆ ಚನ್ನಬಸಪ್ಪ ಗ್ಯಾಸ್ ಸಿಲಿಂಡರಿನ ಸಮೇತ ಸ್ಕೂಟರು ಕೆಡವಿಕೊಂಡರು. ಐಸಾಕಪ್ಪ ಬೆರಳು ತೋರಿಸಿದರು. ಇಳಿದು ಹೋಗಿ ಎತ್ತಿ ನಿಲ್ಲಿಸಿದೆ. ಮಾರನೆಯ ದಿನ ಅದೇ ಸ್ಕೂಟರಿನ ಹಿಂದಿನ ಚಕ್ರದ ಗಾಳಿ ಬಿಟ್ಟೆ. ಗಾಳಿಯ ಬಗ್ಗೆ ಮೋಶೆ ಏನೂ ಹೇಳಿಲ್ಲ.

ಈ ವರ್ಷ ಬೇಸಿಗೆಯಲ್ಲಿ ನಮ್ಮ ನಡುಮನೆಯ ಗೋಡೆಯ ಮೇಲೆ ಹಸಿರು ಕಲೆ ಕಾಣಿಸಿಕೊಂಡಿತು. ಮಳೆಯಿಲ್ಲ, ಮೋಡವಿಲ್ಲ, ಗೋಡೆ ಮಾತ್ರ ಬೆವರುತ್ತಿತ್ತು. ಮೊದಲು ಅಂಗೈಯಗಲ ಇದ್ದದ್ದು ವಾರದಲ್ಲಿ ಮೊರದಗಲ ಆಯಿತು. ನನ್ನ ಹೆಂಡತಿ ಗಿರಿಜೆ ಅದನ್ನು ದಿನಕ್ಕೆ ನಾಲ್ಕು ಸಲ ನೋಡಿ, ಪ್ರತಿ ಸಲವೂ ಗೋಡೆಯನ್ನು ಬಿಟ್ಟು ನನ್ನನ್ನು ಬೈಯುತ್ತಿದ್ದಳು. ಆ ಶನಿವಾರ ಮೇಲೆ ಹೋದರೆ ಐಸಾಕಪ್ಪ ಕನ್ನಡಕ ಒರೆಸಿಕೊಳ್ಳುತ್ತಾ, "ಈ ವಾರದ ಪಾಲು ನಿಮಗೇ ಬರೆದ ಹಾಗಿದೆ" ಎಂದರು.

"ಮನೆ ಗೋಡೇಲಿ ಹಸಿರೋ ಕೆಂಪೋ ಕಲೆ ಕಂಡ್ರೆ ಯಜಮಾನ ಹೋಗಿ ಪುರೋಹಿತರಿಗೆ ಹೇಳಬೇಕು."

"ಪೇಂಟರಿಗಲ್ವಾ?"

"ಕೇಳಿ ಸುಮ್ನೆ. ಪುರೋಹಿತ ಬಂದು ನೋಡೋಕೆ ಮುಂಚೆ ಮನೇಲಿರೋ ಸಾಮಾನೆಲ್ಲ ಬೀದಿಗೆ ತಂದಿಡಬೇಕು. ಒಂದೂ ಬಿಡೋಹಾಗಿಲ್ಲ."

"ಅದ್ಯಾಕೆ?"

"ನಮ್ಮ ಹಿರಿಯರು ಒಂದು ಕಾರಣ ಹೇಳ್ತಾರೆ. ಪಕ್ಕದ ಮನೆಯವರು ಬಂದು ಏಣಿ ಕೊಡಿ, ಜರಡಿ ಕೊಡಿ ಅಂದಾಗ 'ನಮ್ಮಲ್ಲಿಲ್ಲ' ಅಂದಿರ್ತಾನಲ್ಲ, ಅಂಥವನ ಗೋಡೆಗೇ ಈ ಕಲೆ ಬರೋದಂತೆ. ಸಾಮಾನು ಹೊರಗೆ ಬಂದಾಗ ಊರೋರೆಲ್ಲ ನೋಡ್ತಾರೆ, ಓಹೋ, ಇದೆಲ್ಲ ಇವನ ಹತ್ರಾನೇ ಇತ್ತಾ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಆದರೆ ಖಾಲಿ ಕಾಫಿ ಲೋಟವನ್ನೇ ಮತ್ತೆ ಬಾಯಿಗೆತ್ತಿದೆ. "ಎಲ್ಲ ಕಟ್ಟುಕಥೆ" ಎಂದೆ. "ಇರಬಹುದು" ಎಂದರು ಐಸಾಕಪ್ಪ. "ನಮ್ಮ ಬಾತ್‌ರೂಮಿನ ಪೈಪು ಸೋರ್ತಿದೆ ಅಂತ ದೀಪಾವಳಿಯಿಂದ ಹೇಳ್ತಾ ಇದೀನಿ. ನಾಳೆ ನೋಡೋಣ, ನಾಳೆ ನೋಡೋಣ ಅಂದ್ರಿ. ಆ ನೀರೇ ನಿಮ್ಮ ಗೋಡೆಗೆ ಇಳಿದಿರೋದು. ಅದಕ್ಕೇ ಹೇಳಿದ್ದು, ಜಿಪುಣನ ಗೋಡೆಗೇ ಕಲೆ ಬರೋದು ಅಂತ. ಶಾಸ್ತ್ರಾನೂ ಸರಿ, ಪ್ಲಂಬಿಂಗೂ ಸರಿ."

ಕೆಳಗೆ ಬಂದರೆ ಗಿರಿಜೆ ಆಗಲೇ ಪೇಂಟರಿಗೆ ಫೋನು ಮಾಡಿ ಮುಗಿಸಿದ್ದಳು. "ಸೋಮವಾರ ಬರ್ತಾರೆ. ಅಟ್ಟ, ಬೀರು, ಎಲ್ಲ ಖಾಲಿ ಮಾಡಿ ಗೇಟಿನ ಹೊರಗೆ ಇಡ್ಬೇಕಂತೆ. ಪಾರ್ವತಕ್ಕನ್ನೂ ಕರೆದಿದೀನಿ, ಪಾತ್ರೆ ಇಳಿಸೋಕೆ ಕೈ ಹಾಕ್ತಾರೆ" ಎಂದಳು. ಮೋಶೆಯ ಕಾಲದ ಪುರೋಹಿತ ಇವಳ ಮುಂದೆ ಏನೂ ಅಲ್ಲ. ಕದ್ದ ಮಾಲಿನ ಒಡತಿಯನ್ನೇ ಅಟ್ಟ ಇಳಿಸಲು ಕರೆದಿದ್ದಾಳೆ! ಭಾನುವಾರ ಅವಳು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಸ್ಟೂಲು ಹಾಕಿಕೊಂಡು ಹತ್ತಿ, ಸ್ವೆಟರಿನ ಗಂಟನ್ನು ಇಳಿಸಿ, ಎದೆಗವಚಿಕೊಂಡು ಮಹಡಿ ಹತ್ತಿದೆ. "ಎರಡು ದಿನ ಇಟ್ಕೊಂಡಿರಿ, ಏನು ಅಂತ ಕೇಳಬೇಡಿ" ಎಂದೆ. ಐಸಾಕಪ್ಪ ಕೇಳಲಿಲ್ಲ, ಬಿಚ್ಚಿಯೇ ನೋಡಿದರು. ಆ ಒರಳಿನ ಜಗಳ ರಸ್ತೆಗೆಲ್ಲ ಗೊತ್ತಿದ್ದದ್ದೇ.

"ಒರಳು ಎತ್ತಿದ್ದು ಕೀಟಲೆ ಅನ್ನಿ, ನಾನೂ ನಗ್ತೀನಿ" ಎಂದರು. "ಆದರೆ ಆ ಹೆಣ್ಣುಮಗಳು ನಾಲ್ಕು ವರ್ಷದಿಂದ ಕಳ್ಳಿ ಅನ್ನಿಸ್ಕೊಂಡು ಓಡಾಡ್ತಿದಾಳಲ್ಲ ಮಲ್ಲಪ್ಪ, ಅದನ್ನ ಯಾವ ಸ್ವೆಟರಲ್ಲಿ ಸುತ್ತಿಡ್ತೀರಿ?"

ಒರಳನ್ನು ಅವರ ಕೈಯಿಂದ ತೆಗೆದುಕೊಂಡು ಮೆಟ್ಟಿಲಿಳಿದೆ. ಹಾಗೇ ನೇರ ಪಕ್ಕದ ಮನೆಗೆ ಹೋಗಿ, ಪಾರ್ವತಮ್ಮನವರ ಮುಂದೆ ಒರಳನ್ನಿಟ್ಟು, "ತಾಯಿ, ಇದನ್ನ ಕದ್ದಿದ್ದು ನಾನು" ಎಂದುಬಿಟ್ಟೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ತಲೆಯೆತ್ತಿ ನೋಡಿದರೆ ಪಾರ್ವತಮ್ಮನವರ ಕಣ್ಣಲ್ಲಿ ನೀರು. "ಎಂಥಾ ದೊಡ್ಡ ಮನಸ್ಸು ಅಣ್ಣ ನಿಮ್ಮದು!" ಎಂದರು. "ಶಕುಂತಲಾ ನಿಮ್ಮ ಕೈಲಿ ಕೊಟ್ಟು ಕಳಿಸಿದ್ಲಾ? ಅವಳ ಮಾನ ಉಳಿಸೋಕೆ ಅಂತ ನಿಮ್ಮ ತಲೆ ಮೇಲೆ ಹಾಕ್ಕೋತಿದೀರಲ್ಲ, ಈ ವಯಸ್ಸಲ್ಲಿ!"

"ಇಲ್ಲಮ್ಮ, ನಿಜವಾಗ್ಲೂ ನಾನೇ."

ಒಳಗಿಂದ ಚನ್ನಬಸಪ್ಪ ಬಂದರು. "ಬಿಡ್ರೀ ಮಲ್ಲಪ್ಪ, ನಿಮ್ಮ ಸುಳ್ಳು ನಮಗೆ ಗೊತ್ತಿಲ್ವಾ? ಆದ್ರೆ ಇದು ಒಳ್ಳೇ ಸುಳ್ಳು. ಇಷ್ಟು ವರ್ಷ ನಿಮ್ಮನ್ನ ಬರೀ ಪೋಲಿ ಅಂದ್ಕೊಂಡಿದ್ದೆ" ಎಂದು ಕೈ ಹಿಡಿದು ಕುಲುಕಿದರು. ಐವತ್ತು ವರ್ಷ ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು. ಒಂದು ನಿಜ ಹೇಳಿದೆ, ನಂಬುವವರಿಲ್ಲ. ಅದಕ್ಕಿಂತ ಅನಾಹುತ ಎಂದರೆ ಪಾರ್ವತಮ್ಮ ಒರಳನ್ನು ಸೆರಗಿನಲ್ಲಿ ಒರೆಸುತ್ತಾ, "ಹೋಗಲಿ, ಕ್ಷಮಿಸಿದೀನಿ ಅಂತ ಅವಳಿಗೆ ಹೇಳಿಬಿಡಿ" ಎಂದರು. ಇದುವರೆಗೆ ಶಕುಂತಲಾ ಮೇಲೆ ಇದ್ದದ್ದು ಅನುಮಾನ. ನನ್ನ ತಪ್ಪೊಪ್ಪಿಗೆಯಿಂದ ಅದು ಖಾತ್ರಿಯಾಗಿ, ಮೇಲೆ ಕ್ಷಮೆಯೂ ಸಿಕ್ಕಿತು! ನನ್ನ ಜೀವಮಾನದಲ್ಲಿ ಇಷ್ಟು ಕೆಟ್ಟದಾಗಿ ಯಾವ ಕೀಟಲೆಯೂ ತಿರುಗುಬಾಣವಾಗಿರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ನಾನು ಕಳ್ಳನೆಂದು ನಾನೇ ಸಾಬೀತು ಮಾಡಬೇಕು. ಸೋಮವಾರ ಬೆಳಿಗ್ಗೆ ಶಕುಂತಲಾಗೆ ಫೋನು ಮಾಡಿ, "ಬರಬೇಕು ತಾಯಿ, ನಿಮ್ಮ ಹೆಸರಿಗೆ ಹತ್ತಿದ ಮಸಿ ತೊಳೀಬೇಕು" ಎಂದೆ. ವಿಜಯನಗರದಿಂದ ಆಟೋದಲ್ಲಿ ಬಂದಿಳಿದರು. ಮುಖ ಬಾಣಲೆಯ ಹಾಗೆ ಕಾದಿತ್ತು. ಇತ್ತ ನಮ್ಮ ಗೇಟಿನ ಮುಂದೆ ಹಾಸಿಗೆ, ಬೀರು, ಬಾಂಡಲಿ, ಯಾರೇ ಕೇಳಿದರೂ ಇಲ್ಲವೆನ್ನುತ್ತಿದ್ದ ಉದ್ದನೆಯ ಏಣಿ, ಎಲ್ಲವೂ ಬೀದಿಯಲ್ಲಿ ಬಿಸಿಲು ಕಾಯಿಸುತ್ತಿದ್ದವು. ಏಣಿಯನ್ನು ನೋಡಿ ಎದುರು ಮನೆಯವರು ಕೆಮ್ಮಿದರು. ನಾನು ಕೊಡೆ ಹಿಡಿದು, ಒರಳನ್ನು ಹಳೆಯ ಜಾಗದಲ್ಲೇ ಇಡಿಸಿ, ಓರಗಿತ್ತಿಯರಿಬ್ಬರನ್ನೂ ಅಡುಗೆಮನೆಯೊಳಗೆ ನಿಲ್ಲಿಸಿ, ಹಿತ್ತಿಲ ಕಿಟಕಿಗೆ ಬಂದೆ.

ಮೊದಲ ಸಲ ಕೊಡೆಯ ಹಿಡಿ ಸೌಟಿನ ಗೂಡಿಗೆ ಸಿಕ್ಕಿಕೊಂಡು ಅಷ್ಟೂ ಸೌಟು ನೆಲಕ್ಕೆ ಬಿತ್ತು. "ನೋಡಿದ್ರಾ, ಇವರ ಕೈಲಿ ಎಲ್ಲಾಗುತ್ತೆ?" ಎಂದರು ಪಾರ್ವತಮ್ಮ. ನನ್ನ ಮಾನದ ಪ್ರಶ್ನೆ. ಎರಡನೆಯ ಸಲ ಹಿಡಿ ಒರಳಿನ ಕಿವಿಯನ್ನು ಸವರಿ ಜಾರಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ ಚನ್ನಬಸಪ್ಪನವರಿಗೆ ಕುತೂಹಲ ತಡೆಯಲಾಗಲಿಲ್ಲ. "ಸ್ವಲ್ಪ ಎಡಕ್ಕೆ... ಇನ್ನೂ ಎಡಕ್ಕೆ ರೀ... ಹಾಂ, ಕಿವಿಗೆ ಸಿಕ್ತು, ಎಳೀರಿ!" ಎಂದು ತಮ್ಮ ಮನೆಯ ಮಾಲನ್ನು ಕದಿಯಲು ತಾವೇ ದಾರಿ ತೋರಿಸಿದರು. ಎಳೆದೆ. ಓರೆ ಮಾಡಿದೆ. ಸರಳಿನ ನಡುವೆ ನುಣ್ಣಗೆ ಜಾರಿ, ಒರಳು ನನ್ನ ತೋಳಿಗೆ ಬಂತು. ಎಪ್ಪತ್ತನಾಲ್ಕು ವರ್ಷ, ಎರಡು ಸವೆದ ಮಂಡಿ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇನ್ನೊಬ್ಬ ಮಾಡಿ ತೋರಿಸಲಿ! "ಹೆಂಗೆ?" ಎಂದು ಹುಬ್ಬು ಹಾರಿಸಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಿಟಕಿಯ ಒಳಗೆ ಪಾರ್ವತಮ್ಮ ಗೋಡೆಗೆ ಒರಗಿ ನಿಂತಿದ್ದರು. ಶಕುಂತಲಾ ಬಹಳ ಮೆಲ್ಲಗೆ, "ನನ್ನ ಮಗಳ ಮದುವೆಗೂ ನೀವು ಬರಲಿಲ್ಲ ಅಕ್ಕ" ಎಂದರು. ಅಷ್ಟೇ. ಪಾರ್ವತಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. ಆ ಮದುವೆಗೆ ನಾನು ಹೋಗಿದ್ದೆ. ಮೊದಲ ಪಂಕ್ತಿಯಲ್ಲೇ ಕೂತು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡಿದ್ದೆ. ದೊಡ್ಡಮ್ಮ ಎಲ್ಲಿ ಎಂದು ಮದುಮಗಳು ಬಾಗಿಲ ಕಡೆ ನೋಡುತ್ತಿದ್ದುದು ನನಗೆ ಆಗಲೂ ಕಾಣಿಸಿತ್ತು. ಒರಳು ತೋಳಿನಲ್ಲಿ ಭಾರವಾಯಿತು. ಕಾಂಪೌಂಡಿನ ಮೇಲಿಟ್ಟೆ.

ಆಮೇಲೆ ಅವರಿಬ್ಬರೂ ಮಾತಾಡಿದ್ದು ಒಟ್ಟಿಗೆ, ನನ್ನನ್ನು ಬೈಯುವುದಕ್ಕೆ. ಒಬ್ಬರು ಉಸಿರು ತೆಗೆದುಕೊಂಡರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ನಾಲ್ಕು ವರ್ಷ ಮಾತು ಬಿಟ್ಟವರಿಗೆ ಅಂಥ ಹೊಂದಾಣಿಕೆ ಎಲ್ಲಿಂದ ಬಂತೋ. ಮೂರನೆಯವಳಾಗಿ ಗಿರಿಜೆ ಸೇರಿಕೊಂಡಳು: "ನಮ್ಮ ತಲೆ ಮೇಲೇ ಇಟ್ಕೊಂಡು, ನನ್ನ ಅಲ್ಯೂಮಿನಿಯಂ ಒರಳಿನ ಚಕ್ಕುಲೀಗೆ ಕೊಂಕು ಬೇರೆ!" ಶಿಕ್ಷೆ ಏನು ಎಂಬ ಪ್ರಶ್ನೆ ಬಂದಾಗ ಮಹಡಿಯಿಂದ ಐಸಾಕಪ್ಪ ಬಗ್ಗಿ, "ನಮ್ಮ ಶಾಸ್ತ್ರದಲ್ಲಿ ಇದೆ. ಜನರ ಮಧ್ಯೆ ಬಿರುಕು ತಂದವನು ಏಳು ದಿನ ಒಬ್ಬನೇ ಪಾಳೆಯದ ಹೊರಗೆ ಕೂತಿರಬೇಕು" ಎಂದು ತೀರ್ಪು ಕೊಟ್ಟರು. ಮೂವರು ಹೆಂಗಸರಿಗೂ ಮೋಶೆ ಬಹಳ ಹಿಡಿಸಿದ. ಪಾರ್ಕಿಲ್ಲ, ಕಟ್ಟೆಯಿಲ್ಲ, ಯಾರೊಂದಿಗೂ ಮಾತಿಲ್ಲ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ. ಕೆಳಗೆ ಪ್ಲಂಬರು ಪೈಪು ಬದಲಾಯಿಸುತ್ತಿದ್ದ, ಪೇಂಟರು ಗೋಡೆ ಕೆರೆಯುತ್ತಿದ್ದ. ಲಿಂಗ ಕಟ್ಟಿಕೊಂಡು ಮೋಶೆಯ ಕಾನೂನಿನ ಪ್ರಕಾರ ಗಡಿಪಾರಾದ ಮನುಷ್ಯ ಈ ಬಡಾವಣೆಯಲ್ಲಿ ನಾನೊಬ್ಬನೇ ಎಂದು ಮೊದಲ ದಿನ ಹೆಮ್ಮೆಪಟ್ಟೆ. ಎರಡನೆಯ ದಿನ ಹೇಳಿಕೊಳ್ಳಲು ಜನವಿಲ್ಲದೆ ಹೆಮ್ಮೆ ಹಳಸಿತು.

ಶುಕ್ರವಾರ ಮಧ್ಯಾಹ್ನ ಕೆಳಗಿನಿಂದ ಎಣ್ಣೆ ಕಾದ ವಾಸನೆ ಬಂತು. ಬಗ್ಗಿ ನೋಡಿದೆ. ಓರಗಿತ್ತಿಯರಿಬ್ಬರೂ ಹಿತ್ತಿಲಲ್ಲಿ ಒಲೆ ಹೂಡಿದ್ದರು. ಒಬ್ಬರು ಹಿಟ್ಟು ತುಂಬುವುದು, ಒಬ್ಬರು ಒತ್ತುವುದು, ಏನೋ ಹೇಳಿಕೊಂಡು ನಗುವುದು. ನನ್ನ ವಿಷಯವೇ ಇರಬೇಕು, ಇಷ್ಟು ನಗು ಬೇರೆ ಯಾವ ವಿಷಯಕ್ಕೆ ಬರುತ್ತದೆ? ರಸ್ತೆಯ ಎಲ್ಲ ಮನೆಗಳಿಗೂ ತಟ್ಟೆ ಹೋಯಿತು. ಎದುರು ಮನೆಯವರಿಗೆ ಹೋಯಿತು, ಪೇಂಟರಿಗೆ ಹೋಯಿತು. ತಾರಸಿಗೆ ಬರಲಿಲ್ಲ. ಸಂಜೆಯಾಗುವ ಮುಂಚೆ ಐಸಾಕಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಶುಕ್ರವಾರ ಹೊತ್ತು ಮುಳುಗುವಾಗಲೇ ಶುರುವಾಗುವ ಅವರ ಶನಿವಾರದ ದೀಪ ಹಚ್ಚಲು ಇನ್ನೂ ಹೊತ್ತಿದೆ ಎಂದು ಮೇಲೆ ಬಂದರು. ಕೈಯಲ್ಲಿ ತಟ್ಟೆ. ಅದರಲ್ಲಿ ಆರು ಚಕ್ಕುಲಿ. ನನ್ನ ಎದುರು ಕೂತು, ಒಂದನ್ನು ಮುರಿದರು. ಆ ಸದ್ದು ಇದೆಯಲ್ಲ, ಅದು ಹಿತ್ತಾಳೆ ಒರಳಿನದ್ದೇ.

"ನಿಮಗೆ ಕೊಡಬಾರದು ಅಂತ ಮೂವರೂ ಆಣೆ ಹಾಕಿಸ್ಕೊಂಡಿದಾರೆ" ಎಂದು ನಿಧಾನವಾಗಿ ಅಗಿದರು.

"ಹಸಿದವನ ಮುಂದೆ ಕೂತು ತಿನ್ನು ಅಂತ ಯಾವ ಪಾಲಲ್ಲಿದೆ?"

"ಅದಿಲ್ಲ. ನಾಳೆ ಓದೋ ಪಾಲಲ್ಲಿ 'ಕದಿಯಬೇಡ' ಅಂತ ಇದೆ. ನಿಮಗೆ ಅದನ್ನ ಎರಡು ಸಲ ಓದ್ತೀನಿ" ಎಂದು, ಪಡುವಣದಲ್ಲಿ ಹೊತ್ತು ಎಷ್ಟಿದೆ ಎಂದು ನೋಡಲು ಆ ಕಡೆ ತಿರುಗಿದರು.

"ನಾಳೆ ತಾನೇ?" ಎಂದೆ. ಅವರು ಈ ಕಡೆ ತಿರುಗುವಷ್ಟರಲ್ಲಿ ತಟ್ಟೆಯಲ್ಲಿ ಮೂರೇ ಉಳಿದಿದ್ದವು.